ಶತ್ರುವಿನ ನೆಲದಲ್ಲಿ ಪೈಲಟ್‌ನ ರೇಡಿಯೊ

ನಾಗರಿಕ ವಿಮಾನ ಬಿದ್ದಾಗ ಅದರ ತುರ್ತು ಬೀಕನ್ ಎಷ್ಟು ಮಂದಿಗೆ ಕೇಳಿಸಿದರೆ ಅಷ್ಟು ಒಳ್ಳೆಯದು. 406 ಮೆಗಾಹರ್ಟ್ಸ್‌ನ ಆ ಕರೆಯನ್ನು ಕಾಸ್ಪಾಸ್–ಸಾರ್‌ಸ್ಯಾಟ್ ಉಪಗ್ರಹಗಳು ಹಿಡಿದು ನೆಲಕ್ಕೆ ಮುಟ್ಟಿಸುತ್ತವೆ. ಭಾರತದ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರಾಕ್‌ನಲ್ಲಿದೆ. ಶತ್ರುವಿನ ನೆಲಕ್ಕೆ ಪ್ಯಾರಾಚೂಟ್‌ನಲ್ಲಿ ಇಳಿದ ಯುದ್ಧ ಪೈಲಟ್‌ನ ಸಂಗತಿ ಬೇರೆ. ಅವನನ್ನು ಕಾಯುವವರೂ ಕೊಲ್ಲುವವರೂ ಒಟ್ಟಿಗೇ ಹುಡುಕುತ್ತಿರುತ್ತಾರೆ, ರೇಡಿಯೊ ಅಲೆ ಇಬ್ಬರನ್ನೂ ತಲುಪುತ್ತದೆ. ಆದ್ದರಿಂದ ಬೀಕನ್‌ನ ಬಾಯಿ ಕಟ್ಟುವ ಅಧಿಕಾರ ಪೈಲಟ್‌ನ ಕೈಯಲ್ಲೇ ಉಳಿಯಬೇಕು ಎಂಬುದು ನನ್ನ ವಾದ.

ಅಮೆರಿಕ ಇದನ್ನು ವಿಯೆಟ್ನಾಮಿನಲ್ಲಿ ದುಬಾರಿ ಬೆಲೆ ತೆತ್ತು ಕಲಿಯಿತು. 243 ಮೆಗಾಹರ್ಟ್ಸ್‌ನ ತುರ್ತು ಚಾನೆಲ್‌ನಲ್ಲಿ ತಾವಾಗಿ ಕೂಗುವ ಬೀಕನ್‌ಗಳಾದ ಬೀಪರ್‌ಗಳ ಸದ್ದಿಗೆ ಮನುಷ್ಯರ ಮಾತೇ ಮುಳುಗಿಹೋಗುತ್ತಿತ್ತು. ಸೆರೆಸಿಕ್ಕ ರೇಡಿಯೊಗಳನ್ನೇ ಬಳಸಿ ಉತ್ತರ ವಿಯೆಟ್ನಾಮಿಗಳು ರಕ್ಷಣಾ ವಿಮಾನಗಳನ್ನು ಬಲೆಗೆ ಸೆಳೆದರು. 1972ರ ಏಪ್ರಿಲ್‌ನಲ್ಲಿ ಬಿದ್ದ ಲೆಫ್ಟಿನೆಂಟ್ ಕರ್ನಲ್ ಐಸೀಲ್ ಹ್ಯಾಂಬಲ್ಟನ್ ಅವರ ವಿಷಯವನ್ನೇ ನೋಡಿ. ಅವರು ಎಲ್ಲಿದ್ದಾರೆಂಬುದು ರೇಡಿಯೊದಿಂದ ಮೊದಲ ದಿನವೇ ತಿಳಿದಿತ್ತು. ಆದರೂ ಅವರನ್ನು ತರುವ ಪ್ರಯತ್ನದಲ್ಲಿ 11 ಮಂದಿ ಸತ್ತರು. ಶತ್ರು ಕಿವಿಗೊಟ್ಟಿರುತ್ತಾನೆಂದು ಕೊನೆಗೆ, ಅವರಿಗೆ ಕಂಠಪಾಠವಾಗಿದ್ದ ಗಾಲ್ಫ್ ಮೈದಾನಗಳ ದಿಕ್ಕು, ದೂರಗಳನ್ನು ಹೇಳಿಯೇ ನದಿಯ ಕಡೆಗೆ ನಡೆಸಿದರು. ಅಲ್ಲಿಂದ ಅವರನ್ನು ಕರೆತಂದವರು ಅಮೆರಿಕದ ಕಮಾಂಡೊ ಥಾಮಸ್ ನಾರಿಸ್ ಮತ್ತು ದಕ್ಷಿಣ ವಿಯೆಟ್ನಾಮಿನ ಕಮಾಂಡೊ ನ್ಗುಯೆನ್ ವಾನ್ ಕಿಯೆಟ್. ಇರುವ ಜಾಗ ಗೊತ್ತಾದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷ್ಯ ನನಗೆ ಕಾಣದು.

1995ರ ಜೂನ್ 2ರಂದು ಬೋಸ್ನಿಯಾದಲ್ಲಿ ಕ್ಷಿಪಣಿಗೆ ಎಫ್-16 ಕಳೆದುಕೊಂಡ ಅಮೆರಿಕದ ಪೈಲಟ್ ಸ್ಕಾಟ್ ಓ'ಗ್ರೇಡಿ ಆರು ದಿನ ಅಡಗಿದ್ದು, ರೇಡಿಯೊವನ್ನು ಅಳೆದು ಸುರಿದು ಬಳಸಿದರು. ಜೂನ್ 8ರ ನಸುಕಿನಲ್ಲಿ ಅವರ ದನಿ ಸಹೋದ್ಯೋಗಿ ಪೈಲಟ್ ಹ್ಯಾನ್‌ಫರ್ಡ್ ಅವರಿಗೆ ಕೇಳಿಸಿತು. ಆಗಲೂ ಹ್ಯಾನ್‌ಫರ್ಡ್ ಮೊದಲು ಕೇಳಿದ್ದು, ಕೊರಿಯಾದಲ್ಲಿದ್ದಾಗ ನಿನ್ನ ಸ್ಕ್ವಾಡ್ರನ್ ಯಾವುದು ಎಂದು. ‘ಜುವಾಟ್ಸ್’ ಎಂಬ ಸರಿಯುತ್ತರ ಬಂದಮೇಲೆಯೇ ನಂಬಿಕೆ ಹುಟ್ಟಿತು. ಬೆಳಗಾದ ಮೇಲೆ ಮರೀನ್ ಹೆಲಿಕಾಪ್ಟರ್‌ಗಳು ಅವರನ್ನು ಎತ್ತಿಕೊಂಡವು.

ಬೀಕನ್ ಪೈಲಟ್‌ನ ಕೈಯಲ್ಲೇ ಇದ್ದರೆ, ಪ್ರಜ್ಞೆ ತಪ್ಪಿದವನು ಅದರ ಗುಂಡಿ ಒತ್ತುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ವಂತ ನೆಲದ ಮೇಲೆ, ತರಬೇತಿಯಲ್ಲಿ, ಬೀಕನ್ ತಾನಾಗಿ ಕೂಗಲೇಬೇಕು. ಗಡಿ ದಾಟುವ ಹಾರಾಟಕ್ಕೆ ಮುನ್ನ ಮಾತ್ರ ಆಯ್ಕೆ ಪೈಲಟ್‌ನದಾಗಲಿ. ಈಗಿನ ರೇಡಿಯೊಗಳು ಜಿಪಿಎಸ್ ಸ್ಥಾನವನ್ನು ಗೂಢಲಿಪಿಗೆ ತಿರುಗಿಸಿ ಕ್ಷಣಮಾತ್ರದಲ್ಲಿ ಉಪಗ್ರಹಕ್ಕೆ ಕಳಿಸುತ್ತವಲ್ಲ, ಇನ್ನೇಕೆ ಅಂಜಿಕೆ ಎನ್ನುವವರೂ ಇದ್ದಾರೆ. ಪತ್ತೆಯಾಗುವ ಅಪಾಯ ಅದರಿಂದ ಬಹಳ ತಗ್ಗಿದೆ, ನಿಜ. ಆದರೆ ಅದೇ ರೇಡಿಯೊ ಸೆರೆ ಹಿಡಿದವನ ಕೈಯಲ್ಲೂ ಇರಬಹುದು. ಹೆಲಿಕಾಪ್ಟರ್ ತುಂಬ ಜನರನ್ನು ಕಳಿಸುವ ಮೊದಲು, ಆ ಪೈಲಟ್‌ಗೆ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆಯೊಂದನ್ನು ಯಾರಾದರೂ ಕೇಳಲೇಬೇಕಾಗುತ್ತದೆ.