ದೀಪಗಳು ನುಡಿದ ಸಾಕ್ಷಿ

ಆರಿಸಿದ ದೀಪದ ಬೆಳಕು ಎಲ್ಲಿಗೆ ಹೋಗುತ್ತದೆ? ವಿಜ್ಞಾನ ಓದಿದವರ ಉತ್ತರ ಸರಳ. ಬತ್ತಿಯಲ್ಲಿ ಏರಿಬಂದ ಎಣ್ಣೆ ಆವಿಯಾಗಿ ಉರಿಯುವುದು ನಿಂತಿತು, ಹೊಸ ಬೆಳಕು ಹುಟ್ಟಲಿಲ್ಲ, ಆಗಲೇ ಹುಟ್ಟಿದ್ದನ್ನು ಗೋಡೆ, ಸೂರು, ಪಾತ್ರೆಗಳು ಹೀರಿಕೊಂಡವು. ಎಲ್ಲಿಗಾದರೂ ಹೋಗಲು ಅಲ್ಲಿ ಏನೂ ಉಳಿದಿಲ್ಲ. ನಂಜನಗೂಡು ಸೀಮೆಯ ಕಾದಂಬರಿಯೊಂದು ಇದೇ ಪ್ರಶ್ನೆಗೆ ಬೇರೆಯೇ ಉತ್ತರ ಕೊಡುತ್ತದೆ. ಮನೆಮನೆಯ ದೀಪ ಆರಿದ ಮೇಲೆ ಅವುಗಳ ಜೀವ, ಅಂದರೆ ಜೋತಮ್ಮಂದಿರು, ಒಂದೆಡೆ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತಾರೆ. ಹಗಲಿನಲ್ಲಿ ಮನುಷ್ಯರು ಬಾಯಿ ಬಿಡದ ಸುದ್ದಿಗಳು ಅವು.

ಆ ಕಾದಂಬರಿ ದೇವನೂರ ಮಹಾದೇವ ಅವರ ‘ಕುಸುಮಬಾಲೆ’. 1948ರಲ್ಲಿ ಹುಟ್ಟಿದ ಮಹಾದೇವ ಅವರ ಊರು ನಂಜನಗೂಡು ತಾಲ್ಲೂಕಿನ ದೇವನೂರು. 1980ರ ದಶಕದಲ್ಲಿ ಪ್ರಕಟವಾದ ಈ ಪುಟ್ಟ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿತ್ಯದ ಬದುಕಿನೊಳಕ್ಕೆ ಅದ್ಭುತ ಬಂದು ಕೂರುವ ಇಂಥ ಕಥೆಗಳ ಬಗ್ಗೆ ಮಾತುಕತೆ ನಡೆದಾಗಲೆಲ್ಲ ವೀಕ್ಷಕರಿಂದ ಏಳುವ ಪ್ರಶ್ನೆಗಳು ಎರಡು. ಇದು ಹೊರದೇಶದಿಂದ ತಂದ ಬರವಣಿಗೆಯ ರೀತಿಯೇ? ಇಂದಿನ ಬದುಕನ್ನು ಬರೆಯಲು ಹೊರಟವರಿಗೆ ಮಾತಾಡುವ ದೀಪ, ಮಾತಾಡುವ ಮಂಚ ಏಕೆ ಬೇಕು? ಈ ಎರಡು ಪ್ರಶ್ನೆಗಳನ್ನೇ ಇಲ್ಲಿ ಬಿಡಿಸಿ ನೋಡೋಣ.

ಹೆಸರು ಎಲ್ಲಿಂದ ಬಂತು?

ವಿಮರ್ಶಕರು ಇದನ್ನು ‘ಮಾಂತ್ರಿಕ ವಾಸ್ತವತೆ’ ಎನ್ನುತ್ತಾರೆ. ಈ ಹೆಸರು ಮೊದಲು ಹುಟ್ಟಿದ್ದು ಚಿತ್ರಕಲೆಯ ಚರ್ಚೆಯಲ್ಲಿ. 1925ರಲ್ಲಿ ಜರ್ಮನಿಯ ಕಲಾವಿಮರ್ಶಕ ಫ್ರಾಂಜ್ ರೋ ತನ್ನ ಕಾಲದ ಹೊಸ ಚಿತ್ರಗಳನ್ನು ವಿವರಿಸಲು ಈ ಪದ ಬಳಸಿದ. 1949ರಲ್ಲಿ ಕ್ಯೂಬಾದ ಲೇಖಕ ಅಲೆಹೊ ಕಾರ್ಪೆಂತಿಯೆರ್ ತನ್ನ ಕಾದಂಬರಿಯೊಂದರ ಮುನ್ನುಡಿಯಲ್ಲಿ, ಲ್ಯಾಟಿನ್ ಅಮೆರಿಕದ ವಾಸ್ತವದಲ್ಲೇ ಅದ್ಭುತ ಬೆರೆತಿದೆ ಎಂದು ವಾದಿಸಿದ. 1967ರಲ್ಲಿ ಕೊಲಂಬಿಯಾದ ಗಾಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್‌ನ ‘ನೂರು ವರ್ಷದ ಏಕಾಂತ’ ಬಂತು. 1982ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದ ಮೇಲೆ ಈ ಹೆಸರು ಲೋಕಪ್ರಸಿದ್ಧವಾಯಿತು. ನಮ್ಮವರೇ ಆದ ಸಲ್ಮಾನ್ ರಶ್ದಿಯವರ ‘ಮಿಡ್‌ನೈಟ್ಸ್ ಚಿಲ್ಡ್ರನ್’ ಪ್ರಕಟವಾದದ್ದು 1981ರಲ್ಲಿ.

ಹೆಸರು ಹೊರಗಿನದು, ನಿಜ. ಆದರೆ ಹೆಸರು ಬರುವ ಮೊದಲೂ ಮಗು ಇತ್ತು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರದ್ದು. ಅದರ ಮುದುಕಿ ಒಂದು ವಸ್ತುವನ್ನು ಮುಟ್ಟಿದರೆ ಸಾಕು, ಅದರ ಹಿಂದಿನ ಕಾಲ ಕಣ್ಣಿಗೆ ಕಟ್ಟುತ್ತದೆ. ಆಗ ಮಾರ್ಕ್ವೆಜ್‌ನ ಕಾದಂಬರಿ ಇಂಗ್ಲಿಷಿಗೂ ಬಂದಿರಲಿಲ್ಲ. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ನಂಬಿಕೆಗಳಿಂದ ‘ಕರಿಮಾಯಿ’ಯ ಲೋಕವನ್ನು ಕಟ್ಟಿದರು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೊಂದು ದಿಕ್ಕಿನಿಂದ ಬಂತು. ಅಲ್ಲಿ ಎಲ್ಲರೂ ಬೆನ್ನು ಹತ್ತುವ ಹಾರುವ ಓತಿ ಕಲ್ಪನೆಯ ಪ್ರಾಣಿಯಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ ಇಂದಿಗೂ ಮರದಿಂದ ಮರಕ್ಕೆ ತೇಲುವ ನಿಜವಾದ ಜೀವಿ. ಅದ್ಭುತಕ್ಕೆ ಮಂತ್ರವೇ ಬೇಕಿಲ್ಲ ಎಂದು ತೇಜಸ್ವಿ ತೋರಿಸಿದರು.

ಬೇರೆ ಕಥೆಗಳಿಗೂ ಇದಕ್ಕೂ ವ್ಯತ್ಯಾಸ

ಅದ್ಭುತ ಇರುವ ಕಥೆಗಳೆಲ್ಲ ಈ ಜಾತಿಗೆ ಸೇರುವುದಿಲ್ಲ. ಚಂದಮಾಮದ ಕಥೆಯಲ್ಲಿ ರಾಜಕುಮಾರ ಏಳು ಸಮುದ್ರ ದಾಟುತ್ತಾನೆ. ಅದು ಬೇರೆಯೇ ಲೋಕ, ನಮ್ಮ ಪಡಿತರ ಚೀಟಿ, ಸಾಲದ ಪತ್ರ ಅಲ್ಲಿಗೆ ಬರುವುದಿಲ್ಲ. ವೈಜ್ಞಾನಿಕ ಕಥೆಯಲ್ಲಿ ಅದ್ಭುತಕ್ಕೆ ಒಂದು ಕಾರಣ ಕೊಡಲೇಬೇಕು. ದೆವ್ವದ ಕಥೆಯಲ್ಲಿ ಅದ್ಭುತ ಕಂಡವರು ಬೆಚ್ಚಿ ಬೀಳಬೇಕು, ಇಲ್ಲದಿದ್ದರೆ ಕಥೆಯೇ ಇಲ್ಲ. ನಾವು ಹೇಳುತ್ತಿರುವ ಬಗೆಯಲ್ಲಿ ಯಾರೂ ಬೆಚ್ಚುವುದಿಲ್ಲ, ಯಾರೂ ಕಾರಣ ಕೇಳುವುದಿಲ್ಲ. ಒಲೆ ಹೊತ್ತಿಸಿದ್ದನ್ನು ಹೇಳಿದ ದನಿಯಲ್ಲೇ ದೀಪ ಮಾತಾಡಿದ್ದನ್ನೂ ಹೇಳಲಾಗುತ್ತದೆ. ಅದ್ಭುತ ಇರುವುದು ನಮ್ಮದೇ ಊರಿನಲ್ಲಿ, ನಮ್ಮದೇ ಬಡತನ ಮತ್ತು ಜಾತಿಯ ನಡುವೆ.

ಎರಡು ನದಿಗಳ ಸೀಮೆ

ಈ ದನಿ ಕಪಿಲೆ ಮತ್ತು ಕಾವೇರಿಯ ದಡದ ಜನರಿಗೆ ಹೊಸದಲ್ಲ. ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ, ಮೈತುಂಬ ಕುಷ್ಠ ತೊಟ್ಟು ಬಂದ ಗುರು ಕಲ್ಯಾಣದ ದೊಡ್ಡವರ ಬಾಗಿಲಲ್ಲಿ ನಿಂತು ಅವರ ಭಕ್ತಿಯನ್ನು ಪರೀಕ್ಷಿಸುತ್ತಾನೆ. ಪವಾಡ ಅಲ್ಲಿ ಬೆರಗಿಗಾಗಿ ಇಲ್ಲ. ಯಾರನ್ನು ಒಳಗೆ ಬಿಡುತ್ತೀರಿ, ಯಾರನ್ನು ಹೊರಗೆ ನಿಲ್ಲಿಸುತ್ತೀರಿ ಎಂದು ಕೇಳುವುದಕ್ಕಾಗಿ ಇದೆ. ನಂಜನಗೂಡಿನ ದೊಡ್ಡ ಗುಡಿಯಲ್ಲಿ ಶ್ರೀಕಂಠೇಶ್ವರನಾಗಿ ಪೂಜೆಗೊಳ್ಳುವ ದೇವರು ಜನಪದ ಹಾಡುಗಳಲ್ಲಿ ಬರಿಯ ನಂಜುಂಡ. ಅವನಿಗೆ ಮನೆಯಲ್ಲಿ ಹೆಂಡತಿ ದೇವೀರಿ, ಬೆಟ್ಟದ ಮೇಲೆ ಒಲವಿನ ಚಾಮುಂಡಿ. ಸವತಿಯರ ಜಗಳ ಯಾವ ಕೇರಿಯ ಜಗಳಕ್ಕೂ ಕಡಿಮೆಯಿಲ್ಲ.

ಕಪಿಲೆ ಕಾವೇರಿಯನ್ನು ಕೂಡುವುದು ತಿರುಮಕೂಡಲು ನರಸೀಪುರದಲ್ಲಿ. ಅದೇ ತಾಲ್ಲೂಕಿನ ತಲಕಾಡು ನಮ್ಮ ವಿಷಯಕ್ಕೆ ಒಳ್ಳೆಯ ಉದಾಹರಣೆ. ಗಂಗರ ರಾಜಧಾನಿಯಾಗಿದ್ದ ಊರು ಮರಳಿನಡಿ ಹೂತುಹೋಗಿದೆ. ಗುಡಿಗಳಿಗೆ ಈಗ ಮರಳಿನ ನಡುವೆ ಇಳಿದು ಹೋಗಬೇಕು. ಏಕೆ ಹೀಗಾಯಿತು? ಜನ ಹೇಳುವ ಕಾರಣ ಅಲಮೇಲಮ್ಮನ ಶಾಪ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾಯಿತು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ. ಅವಳ ಒಡವೆಗಾಗಿ ಆಳುಗಳು ಬೆನ್ನು ಹತ್ತಿದಾಗ ತಲಕಾಡು, ಮಾಲಂಗಿ ಮತ್ತು ಮೈಸೂರು ದೊರೆಗಳನ್ನು ಶಪಿಸಿ ಹೊಳೆಗೆ ಹಾರಿದಳು ಎಂಬುದು ಕಥೆ. ವಿಜ್ಞಾನ ಹೇಳುವ ಕಾರಣ ಬೇರೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಾವೇರಿಗೆ ಅಣೆಕಟ್ಟು ಕಟ್ಟಿದ. ನೀರಿನ ಹರಿವು ಬದಲಾಗಿ ನದಿಯ ಪಾತ್ರದ ಮರಳು ಬಿಸಿಲಿಗೆ ತೆರೆದುಕೊಂಡಿತು. ಮುಂಗಾರಿನ ಗಾಳಿ ವರ್ಷ ವರ್ಷವೂ ಅದನ್ನು ದಡಕ್ಕೆ ತೂರಿ ದಿಬ್ಬವಾಗಿಸಿತು. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು ಈ ದಂತಕಥೆಯ ಹಿಂದಿನ ಪರಿಸರದ ಕಾರಣಗಳನ್ನು ಕುರಿತು ಬರೆದಿದ್ದಾರೆ.

ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಗಾಳಿ ಮತ್ತು ಮರಳಿನ ವಿವರಣೆ ಸಾಕು. ಆದರೆ ಅದು ಉತ್ತರಿಸುವುದು ಮರಳು ಹೇಗೆ ಬಂತು ಎಂಬುದನ್ನು ಮಾತ್ರ. ನಾಲ್ಕು ಶತಮಾನ ಕಳೆದರೂ ಒಬ್ಬ ಹೆಂಗಸಿನ ಹೆಸರನ್ನು ಜನ ಏಕೆ ಮರೆಯಲಿಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅವಳಿಗೆ ಅನ್ಯಾಯವಾಯಿತೆಂದು ಜನರಿಗೆ ಅನ್ನಿಸಿತ್ತು. ದೊರೆಯ ಮೇಲೆ ದೂರು ಕೊಡಲು ಯಾವ ಕಟ್ಟೆಯೂ ಇರಲಿಲ್ಲ. ಆ ದೂರನ್ನು ಮರಳಿನ ಮೇಲೆ ಬರೆದಿಟ್ಟರು.

ಹೇಳದೆ ಉಳಿದ ಕಥೆ

ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ (1929–1993) ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಬೇಸತ್ತ ಅವು ಒಂದು ದಿನ ಅವಳ ಬಾಯಿಂದ ಹೊರಬಿದ್ದು, ಜೋಡು ಮತ್ತು ಅಂಗಿಯಾಗಿ ಮನೆ ಬಾಗಿಲಲ್ಲಿ ಕುಳಿತವು. ಯಾರು ಬಂದಿದ್ದಾರೆ ಎಂದು ಗಂಡ ಕೇಳಿದ, ಅವಳಿಗೆ ಗೊತ್ತಿಲ್ಲ, ಜಗಳವಾಯಿತು. ಮುನಿಸಿಕೊಂಡು ಹನುಮಂತನ ಗುಡಿಯಲ್ಲಿ ಮಲಗಿದವನಿಗೆ, ಅಲ್ಲಿ ಕೂಡಿದ ಊರ ದೀಪಗಳ ಮಾತಿನಿಂದ ನಿಜ ತಿಳಿಯಿತು. ಮನೆಗೆ ಬಂದು ಕೇಳಿದರೆ ಅವಳಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು.

ಗುಡಿಯಲ್ಲಿ ದೀಪಗಳು ಸೇರುವ ಈ ಕಲ್ಪನೆಯನ್ನು ಗಿರೀಶ್ ಕಾರ್ನಾಡರು ‘ನಾಗಮಂಡಲ’ ನಾಟಕದ ಆರಂಭಕ್ಕೆ ಬಳಸಿಕೊಂಡರು. 1997ರಲ್ಲಿ ಟಿ.ಎಸ್. ನಾಗಾಭರಣ ಆ ನಾಟಕವನ್ನು ಚಲನಚಿತ್ರ ಮಾಡಿದರು. ಹೀಗಾಗಿ ‘ಕುಸುಮಬಾಲೆ’ಯ ಜೋತಮ್ಮಂದಿರು ಕೊಲಂಬಿಯಾದಿಂದ ಬಂದವರಲ್ಲ, ಇಲ್ಲಿಯ ಅಜ್ಜಿಯರ ಬಾಯಲ್ಲಿ ಇದ್ದವರೇ. ಮೊದಲ ಪ್ರಶ್ನೆಗೆ ಇದು ಉತ್ತರ.

ದೀಪ ಏಕೆ ಮಾತಾಡಬೇಕು?

ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ. ‘ಕುಸುಮಬಾಲೆ’ಯ ನಡುವೆ ಒಂದು ಕೊಲೆ ಇದೆ. ಓದಿದ ದಲಿತ ಹುಡುಗ ಚನ್ನ. ಮೇಲ್ಜಾತಿಯ ಉಳ್ಳವರ ಮನೆಯ ಹೆಣ್ಣು ಕುಸುಮ. ಇಬ್ಬರ ಒಲವಿಗೆ ಒಂದು ಕೂಸು ಹುಟ್ಟುತ್ತದೆ. ಚನ್ನ ಕತ್ತಲಲ್ಲಿ ಇಲ್ಲವಾಗುತ್ತಾನೆ. ಊರಿಗೆ ಸಿಕ್ಕ ಸುದ್ದಿ, ಅವನು ಬೊಂಬಾಯಿಗೆ ಹೋದ ಎಂಬುದು. ಕೊಂದವರು ಹೇಳುವುದಿಲ್ಲ. ಗೊತ್ತಿದ್ದವರು ಹೇಳಲಾರರು. ಹೆತ್ತವರಿಗೆ ಗೊತ್ತೇ ಇಲ್ಲ. ಇಂಥ ಊರಿನಲ್ಲಿ ಬರಿಯ ವಾಸ್ತವವನ್ನು ಮಾತ್ರ ಬರೆಯುತ್ತೇನೆಂದು ಹೊರಟ ಲೇಖಕ ಏನು ಬರೆಯಬೇಕು? ಜನ ಆಡಿದ ಮಾತನ್ನಷ್ಟೇ ದಾಖಲಿಸಿದರೆ ಬೊಂಬಾಯಿಯ ಸುಳ್ಳನ್ನೇ ದಾಖಲಿಸಿದ ಹಾಗಾಗುತ್ತದೆ. ಆಗ ಒಳಮನೆಯಲ್ಲಿ ಎಲ್ಲವನ್ನೂ ನೋಡಿದ ದೀಪಕ್ಕೇ ಬಾಯಿ ಬರಬೇಕಾಗುತ್ತದೆ. ಮನುಷ್ಯರ ಬಾಯಿ ಕಟ್ಟಿದ ಕಡೆ ವಸ್ತುಗಳು ಸಾಕ್ಷಿ ಹೇಳುತ್ತವೆ.

ಇದು ಹಳೆಯ ಕಾಲದ ಮಾತು ಎಂದು ಬದಿಗಿಡುವ ಹಾಗಿಲ್ಲ. ಕಾದಂಬರಿ ಬಂದ ಮೇಲೆ, 1993ರಲ್ಲಿ, ಇದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಾಲಯ ಪ್ರವೇಶದ ವಿವಾದದ ಬೆನ್ನಲ್ಲೇ ಮೂವರು ದಲಿತರ ಕೊಲೆಯಾಯಿತು. ಕಥೆಯಲ್ಲಿ ದೀಪ ಮಾತಾಡುವುದು ಕಲ್ಪನೆ. ಅದು ಯಾವುದರ ಬಗ್ಗೆ ಮಾತಾಡುತ್ತದೋ ಅದು ಕಲ್ಪನೆಯಲ್ಲ.

ಮಹಾದೇವ ಅವರ ‘ಒಡಲಾಳ’ದಲ್ಲಿ ಅದ್ಭುತ ಇನ್ನೂ ನೆಲಕ್ಕೆ ಹತ್ತಿರ. ಮುದುಕಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಅಲೆಯುತ್ತಾಳೆ. ಸಾಹುಕಾರರ ಕಡೆಯಿಂದ ಕದ್ದು ತಂದ ಕಡಲೆಕಾಯಿ ಮೂಟೆಯನ್ನು ಇಡೀ ಮನೆ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತದೆ. ಬೆಳಗ್ಗೆ ಪೊಲೀಸರು ಬಂದು ಜಾಲಾಡಿದರೆ ಒಂದು ಸಿಪ್ಪೆಯೂ ಸಿಗುವುದಿಲ್ಲ; ಗೋಡೆಯ ಮೇಲೆ ಮನೆಯ ಹುಡುಗಿ ಬರೆದ ನವಿಲು ಇದೆ. ಇಲ್ಲಿ ಮಾಯ ಮಾಡಿದ್ದು ಹಸಿವು. ಸಿ.ಜಿ.ಕೆ. ನಿರ್ದೇಶನದ ರಂಗರೂಪದಲ್ಲಿ ಉಮಾಶ್ರೀ ಸಾಕವ್ವನಾಗಿ ಕಾಣಿಸಿಕೊಂಡದ್ದನ್ನು ನೋಡಿದವರು ಆ ಮುದುಕಿಯನ್ನು ಮರೆತಿರಲಾರರು.

ಪರದೆಯ ಕಷ್ಟ

ದೂರದರ್ಶನದವರಿಗೆ ಇಂಥ ಕಥೆ ಒಂದು ಸವಾಲು. ಜ್ವಾಲೆಗೆ ಕಣ್ಣು ಮೂಗು ಕೂಡಿಸಿ ಮಾತಾಡಿಸುವುದು ಇಂದಿನ ತಂತ್ರಜ್ಞಾನಕ್ಕೆ ದೊಡ್ಡ ಕೆಲಸವಲ್ಲ. ಹಾಗೆ ಮಾಡಿದ ಕ್ಷಣ ವೀಕ್ಷಕರು ‘ಎಷ್ಟು ಚೆನ್ನಾಗಿ ತೋರಿಸಿದ್ದಾರೆ’ ಎನ್ನುತ್ತಾರೆ, ದೀಪ ಹೇಳಿದ ಮಾತು ಕಿವಿಯಿಂದ ಜಾರುತ್ತದೆ. ನನ್ನ ಮಟ್ಟಿಗೆ, ಕತ್ತಲೆ ಮಾಡಿ ಒಂದು ಒಳ್ಳೆಯ ದನಿಯನ್ನು ಕೇಳಿಸಿದರೆ ಸಾಕು. ಮೈಸೂರಿನ ರಂಗಾಯಣಕ್ಕಾಗಿ ಸಿ. ಬಸವಲಿಂಗಯ್ಯನವರು ‘ಕುಸುಮಬಾಲೆ’ಯನ್ನು ರಂಗಕ್ಕೆ ತಂದರು. ನಟರ ದೇಹ ಮತ್ತು ದನಿಯನ್ನೇ ನಂಬುವ ರಂಗಭೂಮಿಗೆ ಈ ಕೆಲಸ ಕ್ಯಾಮೆರಾಗಿಂತ ಸಲೀಸು.

ದನಿ ಎಂದಾಗ ಭಾಷೆಯ ಮಾತು ಬರುತ್ತದೆ. ಕಾದಂಬರಿ ಇರುವುದು ನಂಜನಗೂಡು ಸೀಮೆಯ ಆಡುಮಾತಿನಲ್ಲಿ. ‘ಹಟ್ಟಿ’ ಅಲ್ಲಿ ‘ಅಟ್ಟಿ’. ಪುಸ್ತಕದ ಕನ್ನಡಕ್ಕೆ ಒಗ್ಗಿದ ಓದುಗರು ಮೊದಲ ಪುಟಗಳಲ್ಲೇ ತಡವರಿಸಿದರು. ವಿದ್ವಾಂಸ ಎಲ್. ಬಸವರಾಜು ಅವರು ಗದ್ಯದ ಸಾಲುಗಳನ್ನು ಲಯಕ್ಕೆ ತಕ್ಕಂತೆ ಮುರಿದು ಪದ್ಯದ ರೂಪದಲ್ಲಿ ಜೋಡಿಸಿಕೊಟ್ಟರು. 2015ರಲ್ಲಿ ಸುಸಾನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದ ಬಂತು. ಈ ಭಾಷೆ ಅಲಂಕಾರಕ್ಕೆ ಬಂದದ್ದಲ್ಲ. ಕೇರಿಯ ಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಿದರೆ ದೀಪದ ಸಾಕ್ಷಿ ಪೊಲೀಸ್ ಠಾಣೆಯ ಹೇಳಿಕೆಯಂತಾಗುತ್ತದೆ.

ಓದುವವರಿಗೆ

ಇಂಥ ಕೃತಿಯನ್ನು ಕೈಗೆತ್ತಿಕೊಳ್ಳುವವರಿಗೆ ಎರಡು ಸಣ್ಣ ಸೂಚನೆ. ಅದ್ಭುತ ಬಂದ ಕಡೆ ‘ಇದು ಸಾಧ್ಯವೇ?’ ಎಂದು ಕೇಳುವ ಬದಲು ‘ಇದನ್ನು ಹೇಳಬೇಕಾಗಿದ್ದ ಮನುಷ್ಯರು ಯಾರು, ಅವರೇಕೆ ಹೇಳಲಿಲ್ಲ?’ ಎಂದು ಕೇಳಿ. ಕಥೆಯ ಬೀಗ ಅಲ್ಲಿಂದ ತೆರೆಯುತ್ತದೆ. ಈ ಪ್ರಶ್ನೆಗೆ ಉತ್ತರವೇ ಸಿಗದಿದ್ದರೆ ಆ ಅದ್ಭುತ ಬರಿಯ ಬಣ್ಣವೆಂದು ತಿಳಿಯಬಹುದು. ಅಂಥ ಅನುಕರಣೆಯ ಕಥೆಗಳೂ ನಮ್ಮಲ್ಲಿ ಸಾಕಷ್ಟು ಬಂದಿವೆ. ಇನ್ನೊಂದು, ‘ಕುಸುಮಬಾಲೆ’ಯನ್ನು ಮೌನವಾಗಿ ಓದಬೇಡಿ. ನಂಜನಗೂಡು, ನರಸೀಪುರದ ಕಡೆಯ ನೆಂಟರೋ ಸ್ನೇಹಿತರೋ ಇದ್ದರೆ ಅವರ ಕೈಗೆ ಪುಸ್ತಕ ಕೊಟ್ಟು, ಗಟ್ಟಿಯಾಗಿ ಓದಿಸಿ ಕೇಳಿ. ಕಣ್ಣಿಗೆ ಕಠಿಣವಾಗಿ ಕಂಡ ಪುಟ ಕಿವಿಗೆ ಸಲೀಸಾಗಿ ಇಳಿಯುತ್ತದೆ.