ಸ್ಟಾರ್, ಹ್ಯಾಷ್ ಒತ್ತಿ ಅಂದ್ರೆ ಒತ್ತಬೇಡಿ ಕಣ್ರೀ!

ಬೆಳಗ್ಗೆ ಹನ್ನೊಂದು ಗಂಟೆ. ಯಜಮಾನರು ಆಫೀಸಿಗೆ, ಮಕ್ಕಳು ಶಾಲೆಗೆ ಹೋಗಿಯಾಗಿದೆ. ಕುಕ್ಕರ್ ಎರಡು ಸಲ ಕೂಗಿದೆ, ಇನ್ನೊಂದು ಕೂಗಿದರೆ ಆರಿಸೋಣ ಅಂತ ನೀವು ಸೊಪ್ಪು ಬಿಡಿಸುತ್ತ ಕೂತಿದ್ದೀರಿ. ಅಷ್ಟರಲ್ಲಿ ಫೋನು. 'ಮೇಡಂ, ನಿಮ್ಮ ಪಾರ್ಸೆಲ್ ಬಂದಿದೆ, ಅಡ್ರೆಸ್ ಸಿಗ್ತಿಲ್ಲ. ಒಂದು ಕೋಡ್ ಕಳಿಸಿದ್ದೀನಿ, ಅದನ್ನ ಡಯಲ್ ಮಾಡಿ, ಡೆಲಿವರಿ ಹುಡುಗನಿಗೆ ಕನೆಕ್ಟ್ ಆಗುತ್ತೆ.' ಮೊನ್ನೆ ತಾನೇ ಒಂದು ಕುರ್ತಿ ಆರ್ಡರ್ ಮಾಡಿದ್ದೂ ನಿಜ. ಕೈ ಒದ್ದೆ, ಒಲೆಯ ಮೇಲೆ ಬೇಳೆ. ಸ್ಟಾರ್, ಎರಡು, ಒಂದು, ಸ್ಟಾರ್, ಆಮೇಲೆ ಯಾವುದೋ ಹತ್ತು ಅಂಕಿ, ಕೊನೆಗೆ ಹ್ಯಾಷ್... ಒತ್ತಿಯೇಬಿಟ್ಟಿರಿ.

ಅಷ್ಟೇ. ನಿಮ್ಮ ಫೋನ್ 'ಹ್ಯಾಕ್' ಆಯಿತು!

ಹ್ಯಾಕರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದ ಹುಡುಗ. ಕತ್ತಲೆ ಕೋಣೆ, ತಲೆಗೆ ಮುಸುಕು, ಕಂಪ್ಯೂಟರ್ ತುಂಬ ಓಡುವ ಹಸಿರು ಅಕ್ಷರ. ಅವನಿಗೂ ನಮಗೂ ಏನು ಸಂಬಂಧ, ನಮ್ಮ ಹತ್ತಿರ ಏನಿದೆ ಕದಿಯೋಕೆ ಅಂತ ನಾವು ನೆಮ್ಮದಿಯಾಗಿರುತ್ತೇವೆ. ಆದರೆ ನಮ್ಮ ಮನೆಗೆ ಬರುವ ಹ್ಯಾಕರ್ ಬೀಗ ಒಡೆಯುವವನಲ್ಲ. ಬಾಗಿಲು ತಟ್ಟಿ, ನಮ್ಮ ಕೈಯಿಂದಲೇ ಚಿಲಕ ತೆಗೆಸುವವನು.

ಇದೇನು ದಡ್ಡರಿಗೆ ಮಾತ್ರ ಆಗೋದು ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ನಟಿ ಪ್ರಿಯಾಂಕಾ ಉಪೇಂದ್ರ ಅವರಿಗೆ ಹೀಗೇ ಆಯಿತು. ಆನ್‌ಲೈನ್‌ನಲ್ಲಿ ಏನೋ ತರಿಸಿದ್ದರು, ಅದರ ಹೆಸರಲ್ಲೇ ಕರೆ ಬಂತು, ಹೇಳಿದ ಕೋಡ್ ಡಯಲ್ ಮಾಡಿದರು. ಸರಿಹೋಗಲಿಲ್ಲವೆಂದು ಉಪೇಂದ್ರ ಅವರೂ ತಮ್ಮ ಫೋನಿನಿಂದ ಪ್ರಯತ್ನಿಸಿದರು. ಸ್ವಲ್ಪ ಹೊತ್ತಿನಲ್ಲೇ ಅವರ ವಾಟ್ಸಾಪ್‌ನಿಂದ ಪರಿಚಯದವರಿಗೆಲ್ಲ 'ಅರ್ಜೆಂಟ್, ದುಡ್ಡು ಬೇಕು' ಅಂತ ಮೆಸೇಜ್ ಹೋಗತೊಡಗಿತು. ಕೆಲವರು ನಂಬಿ ಕಳಿಸಿಯೂಬಿಟ್ಟರು. ಅಮ್ಮ ಕೇಳಿದ್ದಾಳೆ ಅಂತ ಸ್ವಂತ ಮಗನೇ 50,000 ರೂಪಾಯಿ ಹಾಕಿದ್ದ! ದಂಪತಿ ಮುಚ್ಚಿಡದೆ ವಿಡಿಯೊ ಮಾಡಿ ಎಲ್ಲರನ್ನೂ ಎಚ್ಚರಿಸಿದರು, ಪೊಲೀಸರಿಗೆ ದೂರು ಕೊಟ್ಟರು. ನವೆಂಬರ್‌ನಲ್ಲಿ ಬಿಹಾರದ ಒಬ್ಬ ಯುವಕ ಸಿಕ್ಕಿಬಿದ್ದ.

ಒಂದು ಕೋಡ್‌ನಿಂದ ಇಷ್ಟೆಲ್ಲ ಹೇಗೆ?

ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ನಿಮ್ಮ ವಾಟ್ಸಾಪ್ ಇರೋದು ಆ ಹ್ಯಾಂಡ್‌ಸೆಟ್‌ನ ಲೆಕ್ಕದಲ್ಲಲ್ಲ, ನಂಬರಿನ ಲೆಕ್ಕದಲ್ಲಿ. ಬೇರೆ ಯಾರಾದರೂ ತನ್ನ ಫೋನಿನಲ್ಲಿ ವಾಟ್ಸಾಪ್ ಹಾಕಿಕೊಂಡು ನಿಮ್ಮ ನಂಬರ್ ಕೊಟ್ಟರೆ, 'ನೀವೇ ತಾನೇ?' ಅಂತ ಕೇಳಲು ಕಂಪನಿಯವರು ಆರು ಅಂಕಿಯ ಕೋಡ್ ಕಳಿಸುತ್ತಾರೆ. ಅದು ನಿಮಗೆ ಎಸ್ಸೆಮ್ಮೆಸ್ ಆಗಿ ಬರುತ್ತದೆ. ಎಸ್ಸೆಮ್ಮೆಸ್ ಬರಲಿಲ್ಲ ಅಂದರೆ ಫೋನ್ ಮಾಡಿ ಕೋಡ್ ಓದಿ ಹೇಳುವ ವ್ಯವಸ್ಥೆಯೂ ಉಂಟು. ಕಳ್ಳನ ಕಣ್ಣು ಈ ಎರಡನೆಯದರ ಮೇಲೆ. ಸ್ಟಾರ್ ಎರಡು ಒಂದು ಅಂತ ಶುರುವಾಗುವ ಆ ಕೋಡ್ ಇದೆಯಲ್ಲ, ಅದು ಕಾಲ್ ಫಾರ್ವರ್ಡಿಂಗ್‌ನದು. ನಿಮಗೆ ಬರುವ ಕರೆಗಳನ್ನೆಲ್ಲ ಆ ಹತ್ತಂಕಿಯ ನಂಬರಿಗೆ ತಿರುಗಿಸಿ ಅಂತ ನೀವೇ ಅಪ್ಪಣೆ ಕೊಟ್ಟ ಹಾಗೆ. ಆಮೇಲೆ ವಾಟ್ಸಾಪ್‌ನವರು ಫೋನ್ ಮಾಡುತ್ತಾರೆ, ಎತ್ತುವವನು ಅವನು.

ಇಂಥ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆಯೇ ಮೊಬೈಲ್ ಕಂಪನಿಗಳಿಗೆ ಹೇಳಿತ್ತು. ಆದರೂ ಮರುವರ್ಷ ಪ್ರಿಯಾಂಕಾ ಅವರಿಗೆ ಹಾಗಾಯಿತು ನೋಡಿ. ಸರಕಾರ ನಿಲ್ಲಿಸಿದೆ ಅಂತ ನಾವು ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ.

ಅಂದ ಹಾಗೆ, ಹ್ಯಾಕಿಂಗ್‌ಗೂ ಫೋನಿಗೂ ನಂಟು ಹಳೆಯದು. 1970ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ತಿಂಡಿ ಪೊಟ್ಟಣದ ಜೊತೆ ಮಕ್ಕಳಿಗೆ ಒಂದು ಪ್ಲಾಸ್ಟಿಕ್ ಪೀಪಿ ಫ್ರೀ ಕೊಡುತ್ತಿದ್ದರು. ಅದನ್ನು ಊದಿದರೆ ಬರುವ ಸದ್ದು 2600 ಹರ್ಟ್ಜ್. ದೂರದ ಕರೆಗಳನ್ನು ನಡೆಸಲು ಟೆಲಿಫೋನ್ ಕಂಪನಿ ಬಳಸುತ್ತಿದ್ದ ಸದ್ದೂ ಅದೇ! ಜಾನ್ ಡ್ರೇಪರ್ ಮತ್ತು ಅವನ ಗೆಳೆಯರು ಇದನ್ನು ಹಿಡಿದುಕೊಂಡು ಪುಕ್ಕಟೆ ಟ್ರಂಕ್ ಕಾಲ್ ಮಾಡಿದರು. ಆಪಲ್ ಕಟ್ಟುವ ಮೊದಲು ಸ್ಟೀವ್ ಜಾಬ್ಸ್ ಮತ್ತು ವೋಜ್ನಿಯಾಕ್ ಕೂಡ ಇಂಥದೇ ಸದ್ದು ಮಾಡುವ ಪೆಟ್ಟಿಗೆ ಮಾರಿದವರೇ. ಅದು ಹುಡುಗಾಟ. ಯಾರ ಮನೆಯ ಚೀಟಿ ದುಡ್ಡೂ ಹೋಗಲಿಲ್ಲ.

ನಮಗೆ ಪಾಠ ಇರೋದು ಕೆವಿನ್ ಮಿಟ್ನಿಕ್ ಎಂಬಾತನಲ್ಲಿ. 1995ರಲ್ಲಿ ಅಮೆರಿಕದ ಪೊಲೀಸರು ಹಿಡಿದ ಈತ ಸುಮಾರು ಐದು ವರ್ಷ ಜೈಲಿನಲ್ಲಿದ್ದ. 2000ದಲ್ಲಿ ಹೊರಬಂದ ಮೇಲೆ ಅಲ್ಲಿನ ಸೆನೆಟ್ ಸಮಿತಿಯ ಮುಂದೆ ನಿಂತು ಹೇಳಿದ್ದೇನು ಗೊತ್ತೇ? ತಾನು ಕಂಪ್ಯೂಟರಿಗೆ ಕನ್ನ ಹಾಕುವ ಗೋಜಿಗೇ ಹೆಚ್ಚು ಹೋಗುತ್ತಿರಲಿಲ್ಲ, ಬೇರೆ ಯಾರೋ ಅಂತ ಹೇಳಿಕೊಂಡು ಫೋನ್ ಮಾಡಿದರೆ ಜನ ತಾವಾಗೇ ಹೇಳಿಬಿಡುತ್ತಿದ್ದರು ಅಂತ. ಕೊನೆಗೆ ಆತ ಕಂಪನಿಗಳಿಗೆ ಭದ್ರತೆಯ ಪಾಠ ಹೇಳುತ್ತ 2023ರಲ್ಲಿ ತೀರಿಕೊಂಡ. ಯಂತ್ರ ಎಷ್ಟೋ ಬದಲಾಗಿದೆ, ಆದರೆ ಗಡಿಬಿಡಿಯಲ್ಲಿರುವ ಹೆಂಗಸು, ಮರ್ಯಾದೆಯಾಗಿ ಮಾತಾಡುವ ಅಪರಿಚಿತ - ಈ ಜೋಡಿ ಬದಲಾಗಿಲ್ಲ.

ಈಗಲೇ ಐದು ನಿಮಿಷ ಕೊಡಿ

ವಾಟ್ಸಾಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಒಳಗೆ 'ಟೂ ಸ್ಟೆಪ್ ವೆರಿಫಿಕೇಶನ್' ಆನ್ ಮಾಡಿ, ಆರಂಕಿಯ ಪಿನ್ ಇಟ್ಟುಕೊಳ್ಳಿ. ಕಳ್ಳನಿಗೆ ಆ ಕೋಡ್ ಸಿಕ್ಕರೂ ಈ ಪಿನ್ ಗೊತ್ತಿಲ್ಲದೆ ಒಳಗೆ ಬರಲಾರ. ಮಗನ ಹುಟ್ಟಿದ ದಿನ ಮಾತ್ರ ಬೇಡಿ, ಅದು ನಿಮ್ಮ ಫೇಸ್‌ಬುಕ್ಕಿನಲ್ಲೇ ಇದೆ!

ಮಧ್ಯಾಹ್ನದಿಂದ ಒಬ್ಬರ ಫೋನೂ ಬಂದಿಲ್ಲವಲ್ಲ ಅನ್ನಿಸಿದರೆ, ಕೇಳದೆಯೇ ಆರಂಕಿಯ ಎಸ್ಸೆಮ್ಮೆಸ್ ಬಂದು ಕೂತಿದ್ದರೆ, ಸುಮ್ಮನಿರಬೇಡಿ. ಫೋನಿನ ಕಾಲ್ ಸೆಟ್ಟಿಂಗ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ಗುರುತಿಲ್ಲದ ನಂಬರ್ ಇದ್ದರೆ ತೆಗೆದುಹಾಕಿ. ಬಹುತೇಕ ಫೋನುಗಳಲ್ಲಿ ##002# ಡಯಲ್ ಮಾಡಿದರೂ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. (ಕೋಡ್ ಒತ್ತಬೇಡಿ ಅಂದವಳೇ ಕೋಡ್ ಕೊಡ್ತಿದ್ದಾಳೆ ಅನ್ನಬೇಡಿ. ಅನುಮಾನ ಇದ್ದರೆ ನಿಮ್ಮ ಮೊಬೈಲ್ ಕಂಪನಿಯ ಕಸ್ಟಮರ್ ಕೇರ್‌ಗೆ ಕೇಳಿಯೇ ಒತ್ತಿ.)

ವಾಟ್ಸಾಪ್ ಕೈ ತಪ್ಪಿಯೇ ಹೋಯಿತೆ? ಮೊದಲು ಫಾರ್ವರ್ಡಿಂಗ್ ತೆಗೆದು, ನಿಮ್ಮ ನಂಬರಿನಿಂದ ಮತ್ತೆ ಲಾಗಿನ್ ಆಗಿ. ಎಸ್ಸೆಮ್ಮೆಸ್‌ನಲ್ಲಿ ಬಂದ ಕೋಡ್ ಹಾಕಿದ ಕ್ಷಣವೇ ಆ ಕಳ್ಳ ಹೊರಗೆ. ಅವನು ತನ್ನದೇ ಪಿನ್ ಇಟ್ಟಿದ್ದರೆ ನಿಮಗೆ ಏಳು ದಿನ ಕಾಯಬೇಕಾಗುತ್ತದೆ, ಆದರೆ ಅಷ್ಟು ದಿನ ಅವನೂ ಬಳಸಲಾರ.

ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುವುದರೊಳಗೆ ಬ್ಯಾಂಕಿನವರು ತಡೆಹಿಡಿಯಬಲ್ಲರು. ಗಂಟೆಗಳು ಕಳೆದರೆ ಕಷ್ಟ.

ನಮ್ಮ ಮನೆಗಳಲ್ಲಿ ಹೊತ್ತು ಹಾಳಾಗೋದು ಇಲ್ಲೇ. 'ಯಜಮಾನರಿಗೆ ಗೊತ್ತಾದರೆ ಬೈತಾರೆ', 'ನಿನಗ್ಯಾಕೆ ಬೇಕಿತ್ತು ಸ್ಮಾರ್ಟ್ ಫೋನು ಅಂತಾರೆ' ಅಂತ ಸಂಜೆವರೆಗೆ ಒಳಗೊಳಗೇ ಬೇಯುತ್ತ ಕೂರುತ್ತೇವೆ. ಬೈಗುಳ ಸಂಜೆಯೂ ತಪ್ಪಲ್ಲ, ದುಡ್ಡು ಮಾತ್ರ ಅಷ್ಟರಲ್ಲಿ ನಾಲ್ಕು ಖಾತೆ ದಾಟಿರುತ್ತದೆ. ಯಜಮಾನರೇ, ಈ ಪುಟವನ್ನು ನೀವೂ ಕದ್ದು ಓದುತ್ತೀರಿ ಅಂತ ಗೊತ್ತು: ಹೆಂಡತಿ ಫೋನ್ ಮಾಡಿ 'ರೀ, ಹೀಗಾಯ್ತು' ಅಂದರೆ ಮೊದಲು 1930 ಒತ್ತಿ, ಬೈಯೋದು ಆಮೇಲೆ ಇಟ್ಟುಕೊಳ್ಳಿ.

ಇನ್ನು, ನಿಮ್ಮ ನಾದಿನಿಯೋ ಓರಗಿತ್ತಿಯೋ ವಾಟ್ಸಾಪ್‌ನಲ್ಲಿ ದುಡ್ಡು ಕೇಳಿದರೆ ಹಾಕುವ ಮುಂಚೆ ಒಂದು ಫೋನ್ ಮಾಡಿ, ದನಿ ಕೇಳಿ. ಫಾರ್ವರ್ಡ್ ಆಗಿ ಬೇರೆ ಯಾರೋ ಎತ್ತಿದರೆ, ಇಲ್ಲವೇ ಯಾರೂ ಎತ್ತದಿದ್ದರೆ, ಅವರ ಮನೆಯವರ ಇನ್ನೊಂದು ನಂಬರಿಗೆ ಮಾಡಿ. ಅತ್ತೆಯವರ ಫೋನಿಗೂ ಆ ಆರಂಕಿಯ ಪಿನ್ ನೀವೇ ಹಾಕಿಕೊಡಿ. ಹಾಕಿ, ಅವರ ಡೈರಿಯಲ್ಲಿ ಬರೆದಿಡಿ, ಫೋನಿನ ಕವರ್ ಹಿಂದೆ ಬೇಡ.