ಎರಡು ಸುತ್ತು, ಒಂದೇ ಲೆಕ್ಕ

ಜಪಾನಿನ ವಿದ್ಯುತ್ ನೆರವಿನ ಸೈಕಲ್ಲುಗಳಿಗೆ ಗಂಟೆಗೆ 24 ಕಿ.ಮೀ. ಎಂಬುದು ಲಕ್ಷ್ಮಣರೇಖೆ. ವೇಗ ಅಲ್ಲಿಗೆ ಮುಟ್ಟಿತೋ, ಮೋಟರು ಕೈ ಬಿಡುತ್ತದೆ. ಮುಂದಿನದೆಲ್ಲ ಸವಾರನ ಕಾಲಿನ ಕೆಲಸ. ಈ ಗೆರೆಯನ್ನು ಅಳಿಸಲೆಂದೇ ಹುಟ್ಟಿಕೊಂಡದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಎಲೆಕ್ಟ್ರಾನಿಕ್ ಡಬ್ಬಿ. ಇಂಥ ಕೆಲಸಕ್ಕೆ ಜಪಾನೀಯರು ಇಂಗ್ಲಿಷಿನ ಪದಗಳನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು 'ರಿಮಿಟ್ಟಾ ಕಟ್ಟೊ' ಎನ್ನುತ್ತಾರೆ. 'ಸ್ಪೀಡ್ ಲಾಕ್ ತೆಗೆಸಿದ್ದೀನಿ' ಎಂದರೆ ಬೆಂಗಳೂರಿನವರಿಗೂ ಅರ್ಥವಾಗುತ್ತದೆ. ಹೆಸರು ಕೇಳಿದವರಿಗೆ ಈ ಡಬ್ಬಿ ಮೋಟರಿಗೆ ಬಲ ತುಂಬುತ್ತದೆ ಅನ್ನಿಸುವುದು ಸಹಜ. ಬಲದ ವಿಷಯದಲ್ಲಿ ಅದರ ಕೊಡುಗೆ ಸೊನ್ನೆ. ಅದಕ್ಕೆ ಗೊತ್ತಿರುವ ಕಸುಬು ಒಂದೇ: ಸುಳ್ಳು ಲೆಕ್ಕ ಹೇಳುವುದು.

ಸುಳ್ಳು ತಿಳಿಯಬೇಕಾದರೆ ಮೊದಲು ನಿಜವಾದ ಲೆಕ್ಕ ಗೊತ್ತಿರಬೇಕು. ಶಿಜುವೊಕಾ ಪ್ರಾಂತ್ಯದ ಇವಾತಾ ಪಟ್ಟಣದಲ್ಲಿ ಕೇಂದ್ರ ಕಚೇರಿ ಇರುವ ಯಮಾಹಾ ಮೋಟರ್ ಕಂಪನಿ 1993ರ ನವೆಂಬರಿನಲ್ಲಿ 'ಪಾಸ್' ಎಂಬ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಪೆಡಲಿನ ಮೇಲೆ ಬಿದ್ದ ಬಲವನ್ನು ಅಳೆದು, ಅದಕ್ಕೆ ತಕ್ಕಂತೆ ಮೋಟರಿನ ಬಲ ಸೇರಿಸುವ ಸೈಕಲ್ಲು ಲೋಕದಲ್ಲಿ ಅದೇ ಮೊದಲು. ತೂಕ 31 ಕಿಲೊ, ಒಳಗೆ ಸೀಸ-ಆಮ್ಲದ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 20 ಕಿ.ಮೀ. ಓಟ. ಇಂದಿನ ಕಣ್ಣಿಗೆ ಅದೊಂದು ಕಬ್ಬಿಣದ ಕುದುರೆ. ಆದರೆ ಎಂಜಿನಿಯರುಗಳು ದಾಟಬೇಕಿದ್ದ ಕಷ್ಟದ ಹೊಳೆ ತೂಕವಾಗಿರಲಿಲ್ಲ, ಕಾನೂನಾಗಿತ್ತು. ಮೋಟರು ಹಚ್ಚಿದ ಸೈಕಲ್ಲು ಜಪಾನಿನಲ್ಲಿ 'ಗೆಂತ್ಸುಕಿ', ಅಂದರೆ ಮೊಪೆಡ್ ಎನಿಸುತ್ತಿತ್ತು. ಅದಕ್ಕೆ ಲೈಸೆನ್ಸ್ ಬೇಕಿತ್ತು, ನಂಬರ್ ಪ್ಲೇಟ್ ಬೇಕಿತ್ತು, ಹೆಲ್ಮೆಟ್ ಬೇಕಿತ್ತು. ಇದು ಮೊಪೆಡ್ ಅಲ್ಲ, ಸೈಕಲ್ಲೇ ಎಂದು ಒಪ್ಪಿಸಲು ಇದ್ದ ವಾದ ಒಂದೇ: ತುಳಿಯುವವನು ಯಜಮಾನ, ಮೋಟರು ಆಳು. ಯಜಮಾನ ಕಾಲೆತ್ತಿದರೆ ಆಳೂ ಕೈ ಕಟ್ಟಿ ನಿಲ್ಲುತ್ತಾನೆ.

ಕಾನೂನು ಈ ಯಜಮಾನ-ಆಳಿನ ಸಂಬಂಧವನ್ನು ಅಂಕಿಗಳಲ್ಲೇ ಬರೆದಿಟ್ಟಿತು. ಮೊದಲು ಇದ್ದ ನಿಯಮದಂತೆ 15 ಕಿ.ಮೀ. ವೇಗದವರೆಗೆ ಕಾಲಿನ ಬಲಕ್ಕೆ ಸಮಸಮ ನೆರವು, ಅಲ್ಲಿಂದ ಇಳಿಯುತ್ತಾ 24ಕ್ಕೆ ಸೊನ್ನೆ. 2008ರ ಡಿಸೆಂಬರಿನಲ್ಲಿ ಇದು ಸಡಿಲವಾಯಿತು. ಈಗ 10 ಕಿ.ಮೀ. ಒಳಗೆ ಸವಾರನ ಒಂದು ಪಾಲಿಗೆ ಮೋಟರು ಎರಡು ಪಾಲು ಸೇರಿಸಬಹುದು. ಮುಂದಿನ ಇಳಿತಕ್ಕೂ ಸೂತ್ರವಿದೆ: ವೇಗದಿಂದ 10 ಕಳೆದು, 7ರಿಂದ ಭಾಗಿಸಿ, ಬಂದದ್ದನ್ನು 2ರಿಂದ ಕಳೆಯಬೇಕು. 17 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದರೆ ಉತ್ತರ 1. ಅಂದರೆ ಕಾಲಿನಷ್ಟೇ ಮೋಟರು. 24ಕ್ಕೆ ಹಾಕಿದರೆ ಸೊನ್ನೆ. ಹೈಸ್ಕೂಲಿನ ಹುಡುಗರೂ ಬಿಡಿಸಬಹುದಾದ ಈ ಲೆಕ್ಕವನ್ನು ಸೈಕಲ್ಲಿನ ಕಂಟ್ರೋಲರು ಓಟದುದ್ದಕ್ಕೂ ಬಿಡಿಸುತ್ತಲೇ ಇರುತ್ತದೆ.

ಈ ಸಡಿಲಿಕೆಯ ಲಾಭ ಯಾರಿಗಾಯಿತೆಂದು ನೋಡಬೇಕಾದರೆ ಜಪಾನಿನ ಯಾವುದಾದರೂ ಶಿಶುವಿಹಾರದ ಬಾಗಿಲಲ್ಲಿ ಬೆಳಗಿನ ಹೊತ್ತು ನಿಲ್ಲಬೇಕು. 2009ರ ಜುಲೈಯಿಂದ ಅದಕ್ಕೆಂದೇ ತಯಾರಾದ ಗಟ್ಟಿ ಸೈಕಲ್ಲಿನಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಹೋಗಲು ಒಪ್ಪಿಗೆ ಸಿಕ್ಕಿತು. ಹ್ಯಾಂಡಲಿನ ಬಳಿ ಒಂದು ಮಗು, ಹಿಂದಿನ ಸೀಟಿನಲ್ಲಿ ಇನ್ನೊಂದು, ಬುಟ್ಟಿಯಲ್ಲಿ ಊಟದ ಡಬ್ಬಿ. ಅಷ್ಟನ್ನು ಹೊತ್ತು ತಾಯಿಯೊಬ್ಬಳು ಏರು ಹತ್ತುವಾಗ ಅವಳಿಗೆ ಬೇಕಿರುವುದು ವೇಗವಲ್ಲ, ಮೊದಲ ನಾಲ್ಕು ತುಳಿತಕ್ಕೆ ಆಸರೆ. ನಿಯಮ ಬರೆದವರು ನೆರವನ್ನೆಲ್ಲ ನಿಧಾನಗತಿಯಲ್ಲಿ ಸುರಿದು, ವೇಗ ಏರಿದಂತೆ ಹಿಂತೆಗೆದುಕೊಂಡದ್ದು ಈ ದೃಷ್ಟಿಯಿಂದ ಜಾಣತನವೇ. ಉಳಿದ ದೇಶಗಳ ನಿಯಮ ಇಷ್ಟು ನಾಜೂಕಿನದ್ದಲ್ಲ. ಯುರೋಪಿನಲ್ಲಿ 250 ವ್ಯಾಟ್ ಮೋಟರು, 25 ಕಿ.ಮೀ. ವೇಗ ಎಂಬ ಎರಡು ಮಿತಿ ಇವೆ. ಅದರೊಳಗೆ ಒಂದಕ್ಕೆ ಮೂರು ಪಾಲು ನೆರವು ಕೊಟ್ಟರೂ ಕೇಳುವವರಿಲ್ಲ. ಹಾಗಾಗಿ ಅಲ್ಲಿಂದ ಹಾಗೇ ತಂದ ಸೈಕಲ್ಲು ಜಪಾನಿನ ರಸ್ತೆಯಲ್ಲಿ 12 ಕಿ.ಮೀ. ವೇಗದಲ್ಲಿ ಹೋದರೂ ಕಾನೂನು ಮೀರಿರಬಹುದು. ಒಂದೇ ಮೋಟರು, ಸಾಫ್ಟ್‌ವೇರ್ ಮಾತ್ರ ಬೇರೆ.

ಕಂಟ್ರೋಲರಿಗೆ ವೇಗ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ. ಹಿಂದಿನ ಚಕ್ರದ ಒಂದು ಕಡ್ಡಿಗೆ ಗುಂಡಿಯಷ್ಟು ದೊಡ್ಡ ಅಯಸ್ಕಾಂತ ಬಿಗಿದಿರುತ್ತದೆ. ಪಕ್ಕದ ಚೌಕಟ್ಟಿನ ಕೊಳವೆಗೆ ಒಂದು ಸೆನ್ಸರ್ ಅಂಟಿಕೊಂಡಿರುತ್ತದೆ. ಅಯಸ್ಕಾಂತ ಅದರ ಮುಂದೆ ಹಾದುಹೋದಾಗಲೆಲ್ಲ ಸೆನ್ಸರಿನೊಳಗಿನ ಕೂದಲೆಳೆಯಂಥ ಎರಡು ಲೋಹದ ಪಟ್ಟಿಗಳು ಒಂದನ್ನೊಂದು ಮುಟ್ಟಿ ಬಿಡುತ್ತವೆ. ವೈರಿನಲ್ಲಿ ಒಂದು ಮಿಡಿತ ಸಾಗುತ್ತದೆ. ಚಕ್ರದ ಸುತ್ತಳತೆ ಎರಡು ಮೀಟರ್ ಎಂದಿಟ್ಟುಕೊಂಡರೆ, 24 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸರಿಯಾಗಿ 200 ಮಿಡಿತ. ಕಂಟ್ರೋಲರಿನ ಲೋಕಜ್ಞಾನ ಇಷ್ಟೇ. ಎಲ್ಲ ಸೈಕಲ್ಲುಗಳದ್ದೂ ಇದೇ ವಿನ್ಯಾಸವಲ್ಲ. ಕೆಲವಲ್ಲಿ ಹಲವು ಅಯಸ್ಕಾಂತಗಳ ಬಳೆಯಿರುತ್ತದೆ, ಕೆಲವು ಮೋಟರಿನ ಸುತ್ತನ್ನೇ ಎಣಿಸುತ್ತವೆ. ಎಣಿಸುವುದಂತೂ ಎಲ್ಲಕ್ಕೂ ತಪ್ಪಿದ್ದಲ್ಲ.

ಎಣಿಕೆ ಇದ್ದಲ್ಲಿ ಕಳ್ಳ ಎಣಿಕೆಯೂ ಇರುತ್ತದೆ. ಬೆಂಗಳೂರಿನ ಪ್ರಯಾಣಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಚಳಕ ಮಾಡಿಸಿದ ಆಟೋ ಮೀಟರು ಚಕ್ರ ತಿರುಗಿದ್ದಕ್ಕಿಂತ ಹೆಚ್ಚು ಎಣಿಸುತ್ತದೆ, ಪ್ರಯಾಣಿಕನ ಜೇಬಿಗೆ ಕತ್ತರಿ ಬೀಳುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆ ಮೀಟರಿಗೆ ಸೀಲು ಹಾಕುವುದು ಅದಕ್ಕೇ. ಸೈಕಲ್ಲಿನ ಡಬ್ಬಿ ಇದೇ ಕಸುಬನ್ನು ತಿರುಗುಮುರುಗಾಗಿ ಮಾಡುತ್ತದೆ. ಸೆನ್ಸರ್ ಮತ್ತು ಕಂಟ್ರೋಲರಿನ ನಡುವೆ ಕುಳಿತು ಎರಡು ಮಿಡಿತ ಬಂದರೆ ಒಂದನ್ನು ಮಾತ್ರ ದಾಟಿಸುತ್ತದೆ. ಚಕ್ರ 24ರಲ್ಲಿ ಓಡುತ್ತಿದ್ದರೆ ಕಂಟ್ರೋಲರಿಗೆ ಕಾಣುವುದು 12. ಅದು ಪ್ರಾಮಾಣಿಕವಾಗಿ ಸೂತ್ರ ಬಿಡಿಸಿ, ಒಂದಕ್ಕೆ 1.7ರಷ್ಟು ನೆರವು ಕೊಡಬೇಕೆಂದು ತೀರ್ಮಾನಿಸುತ್ತದೆ. ಕಾನೂನಿನ ಪ್ರಕಾರ ಆ ಹೊತ್ತಿಗೆ ಕೊಡಬೇಕಾದದ್ದು ಸೊನ್ನೆ.

ಈ ಉಪಾಯವನ್ನು ಮೊದಲು ಕಂಡುಕೊಂಡವರು ಡಬ್ಬಿಯನ್ನೇ ಬಳಸಲಿಲ್ಲ. ಚಕ್ರದ ಅಯಸ್ಕಾಂತವನ್ನು ಕಿತ್ತು ಪೆಡಲಿನ ತೋಳಿಗೆ ಕಟ್ಟುವುದು ಹಳೆಯ ಕುಯುಕ್ತಿ. ಪೆಡಲು ನಿಮಿಷಕ್ಕೆ 60 ಸುತ್ತು ತಿರುಗಿದರೆ ಕಂಟ್ರೋಲರಿಗೆ ತಾನು 7.2 ಕಿ.ಮೀ. ವೇಗದಲ್ಲಿ ಇದ್ದೇನೆಂಬ ಭ್ರಮೆ. ಮೋಟರಿನ ಸುತ್ತಿನಿಂದ ವೇಗ ಅಂದಾಜಿಸುವ ಸೈಕಲ್ಲುಗಳಲ್ಲಿ ಚೈನು ಎಳೆಯುವ ಹಲ್ಲುಗಾಲಿಯನ್ನೇ ಬದಲಿಸಿ ಅದೇ ಫಲ ಪಡೆದವರಿದ್ದಾರೆ. ಮೋಟರಿಗೆ ತಾನು ಕಲಿತ ಲೆಕ್ಕ ಬದಲಾಗಿದೆ ಎಂದು ಹೇಳುವವರು ಯಾರು? ಅಗ್ಗದ ಮೈಕ್ರೊಕಂಟ್ರೋಲರ್ ಚಿಪ್ಪುಗಳು ಬಂದ ಮೇಲೆ ಕುಯುಕ್ತಿ ನಯವಾಯಿತು. ಡಬ್ಬಿ ಒಂದು ಹಂತದವರೆಗೆ ನಿಜವನ್ನೇ ನುಡಿದು, ಮಿತಿ ಹತ್ತಿರವಾದಾಗ ಮಾತ್ರ ಸುಳ್ಳಿಗೆ ಹೊರಳುತ್ತದೆ. ಮೋಟರಿನ ಮುಚ್ಚಳದ ಒಳಗೆ, ಮೊದಲೇ ಇರುವ ಕನೆಕ್ಟರುಗಳ ನಡುವೆ ಅಡಗಿ ಕೂರುವುದರಿಂದ ಹೊರಗಿನವರಿಗೆ ಸುಳಿವು ಸಿಗುವುದಿಲ್ಲ. ಬಿಚ್ಚಿ ತೆಗೆದರೆ ಸೈಕಲ್ಲು ಮತ್ತೆ ಸಾಧು.

ಜಪಾನಿನಲ್ಲಿ ಈ ವಿದ್ಯೆಯ ವಂಶಾವಳಿ ಸೈಕಲ್ಲಿಗಿಂತ ಹಳೆಯದು. ಅಲ್ಲಿನ ಕಾರು ತಯಾರಕರು ಸ್ವದೇಶಿ ಮಾರುಕಟ್ಟೆಯ ಕಾರುಗಳಿಗೆ 180 ಕಿ.ಮೀ. ವೇಗದ ಮಿತಿಯನ್ನು ತಾವೇ ಹಾಕಿಕೊಂಡಿದ್ದರು. ಆ ಮಿತಿ ಮುರಿಯುವ ಉಪಕರಣಗಳಲ್ಲಿ ಹೆಸರಾದದ್ದು ಎಚ್‌ಕೆಎಸ್ ಕಂಪನಿಯ 'ಸ್ಪೀಡ್ ಲಿಮಿಟ್ ಡಿಫೆನ್ಸರ್'. ಇಂಜಿನ್ ಕಂಪ್ಯೂಟರಿಗೆ ಹೋಗುವ ವೇಗದ ಸಂಕೇತವನ್ನು ದಾರಿಯಲ್ಲೇ ತಡೆದು ತಿದ್ದುವುದು ಅದರ ಕೆಲಸ. ಎಚ್‌ಕೆಎಸ್ ಹುಟ್ಟಿದ್ದು 1973ರಲ್ಲಿ, ಫುಜಿ ಪರ್ವತದ ಬುಡದ ಫುಜಿನೊಮಿಯಾದಲ್ಲಿ. ಸ್ಥಾಪಕರಲ್ಲಿ ಒಬ್ಬರಾದ ಹಿರೊಯುಕಿ ಹಸೆಗಾವಾ ಹಿಂದೆ ಯಮಾಹಾದ ಎಂಜಿನಿಯರ್. ಫುಜಿನೊಮಿಯಾ ಇರುವುದೂ ಶಿಜುವೊಕಾ ಪ್ರಾಂತ್ಯದಲ್ಲೇ. ನಿಯಮ ಪಾಲಿಸುವ ಸೈಕಲ್ಲಿಗೂ ನಿಯಮ ದಾಟಿಸುವ ಕಾರಿನ ಡಬ್ಬಿಗೂ ತವರು ಒಂದೇ ನೆಲವೆಂಬುದು ಕಾಕತಾಳೀಯವಾದರೂ ರುಚಿಕರ. 2007ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ನಿಸಾನ್ ಜಿಟಿ-ಆರ್ ಈ ಜಗಳಕ್ಕೆ ಕಂಪನಿಯೇ ಕೊಟ್ಟ ರಾಜಿಸೂತ್ರ: ಉಪಗ್ರಹದ ನೆರವಿನಿಂದ ತಾನು ರೇಸ್ ಟ್ರ್ಯಾಕಿನಲ್ಲಿ ಇದ್ದೇನೆಂದು ತಿಳಿದರೆ ಮಾತ್ರ ಆ ಕಾರಿನ ಮಿತಿ ಸಡಿಲಿಸಬಹುದು. ಸೈಕಲ್ಲಿಗೆ ಅಂಥ ಸೌಭಾಗ್ಯವಿಲ್ಲ. ಡಬ್ಬಿ ಮಾರುವವರು 'ಖಾಸಗಿ ಜಾಗದಲ್ಲಿ ಮಾತ್ರ ಬಳಸಿ' ಎಂದು ಸಣ್ಣ ಅಕ್ಷರದಲ್ಲಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಟೋಕಿಯೊದಲ್ಲಿ ಸೈಕಲ್ ಓಡಿಸುವಷ್ಟು ಖಾಸಗಿ ಜಾಗ ಎಷ್ಟು ಜನರಿಗಿದೆಯೋ!

ಮೋಟರು ತಯಾರಕರೂ ಸುಮ್ಮನೆ ಕೂರಲಿಲ್ಲ. ಜರ್ಮನಿಯ ಬಾಷ್ ಕಂಪನಿ 2020ರ ಮಾದರಿಗಳಿಂದ ಕಂಟ್ರೋಲರಿಗೆ ಅನುಮಾನ ಪಡುವುದನ್ನು ಕಲಿಸಿತು. ಪೆಡಲಿನ ಸುತ್ತು, ತುಳಿತದ ಬಲ, ಮೋಟರು ಎಳೆಯುತ್ತಿರುವ ಶಕ್ತಿ, ಸೆನ್ಸರ್ ಹೇಳುವ ವೇಗ, ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಆಗದಿದ್ದರೆ ಪರದೆಯ ಮೇಲೆ 504 ಎಂಬ ದೋಷಸಂಖ್ಯೆ ಮೂಡಿ ನೆರವು ಕುಗ್ಗುತ್ತದೆ. ಮೂರನೆಯ ಬಾರಿ ಸಿಕ್ಕಿಬಿದ್ದರೆ ಡೀಲರನ ಬಳಿ ಹೋಗದೆ ಗತಿಯಿಲ್ಲ. ಫ್ರಾನ್ಸಿನ ಕಾನೂನಂತೂ ಇಂಥ ಮಾರ್ಪಾಡಿಗೆ ಒಂದು ವರ್ಷದವರೆಗೆ ಸೆರೆ, 30,000 ಯುರೊವರೆಗೆ ದಂಡ ಇಟ್ಟಿದೆ.

ಡಬ್ಬಿ ಬಲ ತುಂಬದಿದ್ದರೂ ಅದರ ಬೆಲೆ ಯಾರೋ ತೆರಲೇಬೇಕು. ಸೈಕಲ್ಲು 30 ಕಿಲೊ, ಸವಾರ 60 ಕಿಲೊ ಎನ್ನಿ. 24 ಕಿ.ಮೀ. ವೇಗದಲ್ಲಿ ಈ 90 ಕಿಲೊದ ಚಲನಶಕ್ತಿ 2,000 ಜೌಲ್. 36ಕ್ಕೆ ಏರಿದರೆ ಅದು 4,500. ವೇಗ ಒಂದೂವರೆ ಪಟ್ಟು, ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ನಿಲ್ಲಲು ಬೇಕಾದ ದೂರವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಸಂತೆಗೂ ಶಿಶುವಿಹಾರಕ್ಕೂ ಹೋಗಿಬರಲೆಂದು ಮಾಡಿದ ಸೈಕಲ್ಲಿನ ಬ್ರೇಕಿನ ರಬ್ಬರುಗಳು ಈ ಲೆಕ್ಕಕ್ಕೆ ಸಿದ್ಧವಾಗಿರುವುದಿಲ್ಲ. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ಮೂರು ಪಟ್ಟಿಗೂ ಮಿಕ್ಕಿ ಏರುವುದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ, ಮೋಟರು ಕಾಯುತ್ತದೆ. ಪರದೆಯೂ ಡಬ್ಬಿಯ ಸುಳ್ಳನ್ನೇ ನಂಬುವ ಸೈಕಲ್ಲಾದರೆ ಸವಾರನಿಗೇ ತನ್ನ ವೇಗ ತಿಳಿಯದು. ಅಲ್ಲಿ 15 ಎಂದು ಕಂಡರೆ ನಿಜದಲ್ಲಿ 30.

ಸೈಕಲ್ಲಿನ ಪೆಟ್ಟು ಎಷ್ಟು ದುಬಾರಿ ಎಂಬುದನ್ನು ಜಪಾನು ಮೋಟರಿಲ್ಲದ ಸೈಕಲ್ಲಿನಿಂದಲೇ ಕಲಿತಿತ್ತು. 2008ರಲ್ಲಿ ಕೊಬೆ ನಗರದ ಇಳಿಜಾರಿನಲ್ಲಿ 11 ವರ್ಷದ ಹುಡುಗನ ಸೈಕಲ್ಲು 62 ವರ್ಷದ ಮಹಿಳೆಗೆ ಬಡಿಯಿತು. ಆಕೆಗೆ ಪ್ರಜ್ಞೆ ಮರಳಲಿಲ್ಲ. ಆಗ ಸೈಕಲ್ಲಿನ ವೇಗ 20ರಿಂದ 30 ಕಿ.ಮೀ. ಇದ್ದಿರಬೇಕು. 2013ರ ಜುಲೈಯಲ್ಲಿ ಕೊಬೆ ಜಿಲ್ಲಾ ನ್ಯಾಯಾಲಯ ಹುಡುಗನ ತಾಯಿ ಸುಮಾರು ಒಂಬತ್ತೂವರೆ ಕೋಟಿ ಯೆನ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಕೊಬೆ ಇರುವ ಹ್ಯೊಗೊ ಪ್ರಾಂತ್ಯ 2015ರಲ್ಲಿ ಸೈಕಲ್ ಸವಾರರಿಗೆ ವಿಮೆ ಕಡ್ಡಾಯಗೊಳಿಸಿತು. ಹಲವು ಪ್ರಾಂತ್ಯಗಳು ಅದೇ ಹಾದಿ ಹಿಡಿದವು. ಡಬ್ಬಿ ಹಾಕಿಸಿದವನಿಗೆ ಇಲ್ಲೇ ಕುತ್ತು. ಅವನ ವಾಹನ ಕಾನೂನಿನ ಕಣ್ಣಲ್ಲಿ ಸೈಕಲ್ಲೇ ಅಲ್ಲವಾದ್ದರಿಂದ ಸೈಕಲ್ ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಸೈಕಲ್ಲಲ್ಲದಿದ್ದರೆ ಅದೇನು? ನೆರವಿನ ಮಿತಿ ದಾಟಿದ ಕ್ಷಣದಿಂದ ಅದು ಗೆಂತ್ಸುಕಿ. ಲೈಸೆನ್ಸಿಲ್ಲದೆ ಓಡಿಸಿದರೆ ಮೂರು ವರ್ಷದವರೆಗೆ ಸೆರೆ ಅಥವಾ 5 ಲಕ್ಷ ಯೆನ್‌ವರೆಗೆ ದಂಡ. ಕಡ್ಡಾಯ ವಾಹನ ವಿಮೆ ಇಲ್ಲದಿದ್ದರೆ ಅದಕ್ಕೆ ಬೇರೆ ಶಿಕ್ಷೆ. 'ಮೋಟರು ಆಫ್ ಮಾಡಿ ಬರೀ ತುಳಿಯುತ್ತಿದ್ದೆ' ಎಂಬ ನೆಪಕ್ಕೂ ಈಗ ಜಾಗವಿಲ್ಲ. ಪೆಡಲಿರುವ ಮೊಪೆಡ್ಡನ್ನು ಬರೀ ಕಾಲಿನಿಂದ ತುಳಿದರೂ ಅದು ಮೊಪೆಡ್ ಓಡಿಸಿದಂತೆಯೇ ಎಂದು 2024ರ ನವೆಂಬರ್ 1ರಿಂದ ಜಾರಿಯಾದ ತಿದ್ದುಪಡಿ ಸ್ಪಷ್ಟಪಡಿಸಿದೆ. ಭಾರತದ ನಿಯಮ ಇದಕ್ಕಿಂತ ಒರಟು, ಆದರೆ ಸರಳ: 250 ವ್ಯಾಟ್ ಮತ್ತು 25 ಕಿ.ಮೀ. ವೇಗದೊಳಗಿನ ವಿದ್ಯುತ್ ದ್ವಿಚಕ್ರಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಇಲ್ಲಿ ತುಳಿಯಲೇಬೇಕೆಂದಿಲ್ಲ, ಆಕ್ಸಿಲರೇಟರ್ ತಿರುಗಿಸಿದರಾಯಿತು. ಮಿತಿ ಇರುವುದು ಗಾಡಿಯ ವೇಗಕ್ಕೆ. ಅದನ್ನು ತೆಗೆಸಿದ ಗಾಡಿ ಇಲ್ಲಿಯೂ ನೋಂದಣಿಯಿಲ್ಲದ ಮೋಟರು ವಾಹನವಾಗಿಬಿಡುತ್ತದೆ.

ಜಪಾನಿನಲ್ಲಿ ಇಂಥ ಸೈಕಲ್ಲನ್ನು ರಾಜಮಾರ್ಗದಲ್ಲೇ ಸಕ್ರಮ ಮಾಡಿಕೊಳ್ಳುವ ದಾರಿಯೂ ಇದೆ. ಮೊಪೆಡ್ಡಿಗೆ ಬೇಕಾದ ಕನ್ನಡಿ, ಹಾರ್ನ್, ಬ್ರೇಕ್ ದೀಪ, ನಂಬರ್ ಪ್ಲೇಟ್ ಹಾಕಿಸಿ, ವಿಮೆ ಮಾಡಿಸಿ, ಹೆಲ್ಮೆಟ್ ತೊಟ್ಟು, ಲೈಸೆನ್ಸ್ ಜೇಬಿನಲ್ಲಿಟ್ಟು ರಸ್ತೆಗಿಳಿಯಬಹುದು. ಸೈಕಲ್ ಪಥವನ್ನು ಮಾತ್ರ ಮರೆಯಬೇಕು. ಇಷ್ಟೆಲ್ಲ ಆದ ಮೇಲೆ ಆ ವರ್ಗದ ಸಣ್ಣ ಮೊಪೆಡ್ಡಿಗೆ ಕಾನೂನು ಕೊಟ್ಟ ಗರಿಷ್ಠ ವೇಗ 30 ಕಿ.ಮೀ. ಸಾದಾ ಸೈಕಲ್ಲಿಗಾದರೋ ಫಲಕ ಹಾಕಿದ ರಸ್ತೆಯ ಹೊರತು ಅಂಥ ಮಿತಿಯೇ ಇಲ್ಲ. ಡಬ್ಬಿಯಿಲ್ಲದ ಸೈಕಲ್ಲಿನವನು ಗಟ್ಟಿ ಕಾಲಿನ ಆಸಾಮಿಯಾದರೆ, ಮೋಟರು ಕೈ ಬಿಟ್ಟ ಮೇಲೂ ತುಳಿದು ತುಳಿದು 32ಕ್ಕೆ ಏರಿ, ನಂಬರ್ ಪ್ಲೇಟಿನವನನ್ನು ಹಿಂದೆ ಹಾಕಿ ಹೋಗಬಹುದು.